ತಾರಸಿಯ ನಕ್ಷೆಯನ್ನೂ ಕೇಳಿ
ರಾಜ್ಯದ ಇಂಧನ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹೊಸ ಕಟ್ಟಡಗಳಿಗೆ ಸೌರ ಫಲಕ ಕಡ್ಡಾಯ ಮಾಡಿ ಎಂಬ ಒತ್ತಾಯ ತಮ್ಮ ಮೇಜಿಗೆ ಬರುತ್ತಲೇ ಇರುತ್ತದೆ. ನನ್ನದು ಅದಕ್ಕೂ ಒಂದು ಹೆಜ್ಜೆ ಹಿಂದಿನ ಮಾತು. ಮನೆ ಕಟ್ಟಿಸುವವರಿಗೆ ನಕ್ಷೆ ಹಾಕಿಕೊಡುವುದು ನನ್ನ ಕಸುಬು. ಫಲಕ ಕೊಳ್ಳಲು ದುಡ್ಡೂ ಮನಸ್ಸೂ ಇದ್ದು, ಕೂರಿಸಲು ತಕ್ಕ ತಾರಸಿ ಇಲ್ಲದ ಮನೆಗಳು ನಮ್ಮ ಬಡಾವಣೆಗಳಲ್ಲಿ ದಿನವೂ ಏಳುತ್ತಿವೆ.

ಬೆಂಗಳೂರಿನ ಮಾಮೂಲಿ 30×40ರ ಸೈಟನ್ನೇ ತೆಗೆದುಕೊಳ್ಳಿ. ಸುತ್ತ ಬಿಡಬೇಕಾದ ಜಾಗ ಬಿಟ್ಟರೆ (ಬಿಟ್ಟವರುಂಟೆ ಎಂದು ಕೇಳಬೇಡಿ) ತಾರಸಿಗೆ 800 ಚದರ ಅಡಿಯಾದರೂ ಸಿಗುತ್ತದೆ. ಒಂದು ಕಿಲೋವಾಟ್ ಫಲಕಕ್ಕೆ ಸುಮಾರು 100 ಚದರ ಅಡಿ ಬೇಕು. ಮೂರು ಕಿಲೋವಾಟ್ ಕೂರಿಸಿದರೂ ಬಟ್ಟೆ ಒಣಹಾಕಲು, ಹಪ್ಪಳ ಸಂಡಿಗೆ ಇಡಲು ಜಾಗ ಮಿಗಬೇಕು. ಕಾಗದದ ಮೇಲೆ ಎಲ್ಲ ಸರಿ. ಮೇಲೆ ಹತ್ತಿ ನೋಡಿದರೆ ನೆರಳು.

ನಮ್ಮಲ್ಲಿ ಟ್ಯಾಂಕು ಎಲ್ಲಿ ಕೂರಬೇಕೆಂದು ಎಂಜಿನಿಯರ್ ಹೇಳುವುದಿಲ್ಲ, ವಾಸ್ತುವಿನವರು ಹೇಳುತ್ತಾರೆ. ನೈಋತ್ಯ ಭಾರವಾಗಿ ಎತ್ತರವಾಗಿರಬೇಕು, ಈಶಾನ್ಯ ತಗ್ಗಿ ತೆರೆದಿರಬೇಕು. ಹಾಗಾಗಿ ಟ್ಯಾಂಕು ನೈಋತ್ಯಕ್ಕೆ. ಮೆಟ್ಟಿಲು, ಅದರ ಹೆಡ್‌ರೂಮ್ ದಕ್ಷಿಣಕ್ಕೋ ಪಶ್ಚಿಮಕ್ಕೋ. ಬೆಂಗಳೂರು ಇರುವುದು ಹೆಚ್ಚುಕಡಿಮೆ 13 ಡಿಗ್ರಿ ಅಕ್ಷಾಂಶದಲ್ಲಿ. ವರ್ಷದ ಬಹುಪಾಲು ನಡುಹಗಲ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೇ ವಾಲಿರುತ್ತಾನೆ. ಕಟ್ಟೆಯೂ ಸೇರಿ ಹತ್ತಡಿ ಎತ್ತರದ ಟ್ಯಾಂಕಿನ ನೆರಳು ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನ ಮೂರಕ್ಕೆ 13 ಅಡಿ ದಾಟಿ ಚಾಚುತ್ತದೆ, ಅದೂ ಈಶಾನ್ಯದ ಕಡೆಗೆ, ಅಂದರೆ ವಾಸ್ತುವಿನವರೇ ಖಾಲಿ ಉಳಿಸಿಕೊಟ್ಟ ಜಾಗದ ಮೇಲೆ. ಒಂದೇ ಸಾಲಿಗೆ ಜೋಡಿಸಿದ ಫಲಕಗಳಲ್ಲಿ ಒಂದೆರಡಕ್ಕೆ ನೆರಳು ಬಿದ್ದರೂ ಇಡೀ ಸಾಲಿನ ಇಳುವರಿ ತಗ್ಗುತ್ತದೆ. ಅದನ್ನು ಸರಿದೂಗಿಸುವ ಉಪಕರಣಗಳಿವೆ. ಅವಕ್ಕೆ ಬೇರೆ ದುಡ್ಡು.

ವಾಸ್ತುವಿನವರ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಆದರೆ ನಕ್ಷೆ ಬರೆಯುವಾಗಲೇ ಮಾತೆತ್ತಿದರೆ ರಾಜಿಗೆ ದಾರಿ ಇದೆ. ಟ್ಯಾಂಕು ನೈಋತ್ಯದಲ್ಲೇ ಇರಲಿ, ಕಟ್ಟೆ ತಗ್ಗಲಿ. ಮೇಲಿನ ಮಹಡಿಯ ನಲ್ಲಿ ರಭಸ ಕಳೆದುಕೊಂಡರೆ ಸಣ್ಣ ಪ್ರೆಶರ್ ಪಂಪ್ ಸಾಕು. ಹೆಡ್‌ರೂಮಿನ ನೆತ್ತಿಯ ಮೇಲೂ ಒಂದೆರಡು ಫಲಕ ಕೂರುತ್ತವೆ. ಮನೆ ಎದ್ದು ನಿಂತ ಮೇಲೆ ಇದ್ಯಾವುದೂ ಆಗದು.

ಇನ್ನೊಂದು ಸಂಗತಿ ಮೇಸ್ತ್ರಿಗಳಿಗೆ ಚೆನ್ನಾಗಿ ಗೊತ್ತು. ಮೋಲ್ಡ್ ಹಾಕಿದ ಮೇಲೆ, ವಾಟರ್‌ಪ್ರೂಫಿಂಗ್‌ಗೆ ಮುಂಚೆ, ಫಲಕದ ಕಾಲುಗಳಿಗೆ ಪುಟ್ಟ ಕಾಂಕ್ರೀಟ್ ಪೀಠ ಎರೆದುಬಿಟ್ಟರೆ ಆ ಖರ್ಚು ಮನೆಯ ಖರ್ಚಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಗೃಹಪ್ರವೇಶವಾಗಿ ವರ್ಷಗಳಾದ ಮೇಲೆ ಡ್ರಿಲ್ ಹಿಡಿದು ಬಂದವರು ತಾರಸಿ ಕೊರೆದರೆ, ಮುಂದಿನ ಮಳೆಗಾಲಕ್ಕೆ ಮಲಗುವ ಕೋಣೆಯ ಸೂರು ಒದ್ದೆ. ಆ ಭಯಕ್ಕೇ ಎಷ್ಟೋ ಜನ ಬೇಡವೇ ಬೇಡ ಎನ್ನುತ್ತಾರೆ. ವೈರಿನ ಕಥೆಯೂ ಅಷ್ಟೇ. ತಾರಸಿಯಿಂದ ಮೀಟರ್ ಬೋರ್ಡಿನವರೆಗೆ ಗೋಡೆಯೊಳಗೆ ಒಂದು ಖಾಲಿ ಪೈಪು, ಅರ್ಥಿಂಗ್‌ಗೆ ಒಂದು ಗುಂಡಿ, ಇನ್ವರ್ಟರಿಗೆ ಬಿಸಿಲು ಮಳೆ ತಾಗದ ಒಂದು ಗೋಡೆ: ಪ್ಲಾಸ್ಟರಿಂಗ್‌ಗೆ ಮುಂಚೆ ಇಷ್ಟು ಮಾಡಿಟ್ಟರೆ ಮುಂದಿನದು ಎರಡು ದಿನದ ಕೆಲಸ.

ನನ್ನ ಕೋರಿಕೆ ಇಷ್ಟೆ. ಮನೆಗಳ ಮಟ್ಟಿಗೆ ಫಲಕವನ್ನು ಸದ್ಯಕ್ಕೆ ಕಡ್ಡಾಯ ಮಾಡಬೇಡಿ. ಫಲಕಕ್ಕೆ ಸಿದ್ಧವಾದ ತಾರಸಿಯನ್ನು ಕಡ್ಡಾಯ ಮಾಡಿ. ಮಂಜೂರಾತಿಗೆ ಬರುವ ನಕ್ಷೆಯಲ್ಲಿ ನೆರಳು ಬೀಳದ ಜಾಗ ಗುರುತಾಗಿರಲಿ. ಹೊಸ ಸಂಪರ್ಕ ಕೊಡುವಾಗಲೇ ಎಸ್ಕಾಂಗಳು ಎರಡೂ ದಿಕ್ಕಿನ ಲೆಕ್ಕ ಇಡುವ ಮೀಟರ್ ಕೂರಿಸಲಿ.

ಇಂಥದ್ದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿ ಸರ್ಕಾರ ಆದೇಶ ಹೊರಡಿಸಿದ್ದು 2007ರಲ್ಲಿ. ಅದು ಕಡತದಲ್ಲಿ ಕೊಳೆಯಲಿಲ್ಲ, ಏಕೆಂದರೆ ಹಿಡಿತ ಇದ್ದದ್ದು ಕರೆಂಟ್ ಕೊಡುವವರ ಕೈಯಲ್ಲಿ: ಹೀಟರ್ ಇಲ್ಲವೇ, ಸಂಪರ್ಕವೂ ಇಲ್ಲ. ಜೊತೆಗೆ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ಸಣ್ಣ ರಿಯಾಯಿತಿ. ಇಂದು ಅದನ್ನು ಜೋಡಿಸಲು ಬಾರದ ಪ್ಲಂಬರ್ ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಅದೇ ಹಿಡಿತ ಈಗಲೂ ತಮ್ಮ ಇಲಾಖೆಯ ಬಳಿಯೇ ಇದೆ.

ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆಯ ಮಾತನ್ನೂ ಎತ್ತಲೇಬೇಕು. ಅದು ಬೇಡ ಎನ್ನಲಾರೆ. ಬಾಡಿಗೆ ಮನೆಗಳಲ್ಲಿ ಅದರಿಂದ ಉಳಿದ ದುಡ್ಡು ಎಲ್ಲಿಗೆ ಹೋಗುತ್ತದೆಂದು ಬಲ್ಲೆ. ಆದರೆ ಸೊನ್ನೆ ಬಿಲ್ಲಿನ ಮನೆಯವರು ಫಲಕ ಯಾಕೆ ಹಾಕಿಸುತ್ತಾರೆ? 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆ ಮೊದಲ ಎರಡು ಕಿಲೋವಾಟಿಗೆ ತಲಾ 30,000, ಮೂರು ಕಿಲೋವಾಟಿಗೆ ಒಟ್ಟು 78,000 ರೂಪಾಯಿ ಸಹಾಯಧನ ಕೊಟ್ಟರೂ ಅವರಿಗೆ ಲಾಭ ಕಾಣುವುದಿಲ್ಲ. ಒಂದು ಸರಳ ಲೆಕ್ಕ ನೋಡಿ. ತಿಂಗಳಿಗೆ 100 ಯೂನಿಟ್ ಬಳಸುವ ಮನೆಗೆ ಯೂನಿಟ್‌ಗೆ 6 ರೂಪಾಯಿಯಂತೆ ಸರ್ಕಾರದ ಹೊರೆ ವರ್ಷಕ್ಕೆ 7,200. ಒಂದು ಕಿಲೋವಾಟ್ ಫಲಕ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ, ತಿಂಗಳಿಗೆ 120. ಅದಕ್ಕೆ 60,000 ಹಿಡಿಯಿರಿ. ಕೇಂದ್ರದ 30,000 ಕಳೆದರೆ ಉಳಿಯುವ ಹೊರೆ ನಾಲ್ಕೈದು ವರ್ಷದ ಗೃಹಜ್ಯೋತಿಯಷ್ಟು. ಫಲಕಗಳು ಬಾಳುವುದು 25 ವರ್ಷ. ಒಪ್ಪುವ ಹೊಸ ಮನೆಗಳಿಗೆ ಆ ನಾಲ್ಕೈದು ವರ್ಷದ ಹಣವನ್ನು ಒಮ್ಮೆಗೇ ಫಲಕದ ರೂಪದಲ್ಲಿ ಕೊಟ್ಟರೆ ಹೇಗೆ? ಒಂದು ತಾಲ್ಲೂಕಿನಲ್ಲಿ ಮಾಡಿ ನೋಡಿ.

ವಾಣಿಜ್ಯ ಕಟ್ಟಡಗಳ ವಿಷಯದಲ್ಲಿ ನನ್ನ ನಿಲುವು ಬೇರೆ. ಅಲ್ಲಿ ಫಲಕವನ್ನೇ ಕಡ್ಡಾಯ ಮಾಡಿ. ಕಲ್ಯಾಣ ಮಂಟಪ, ಮಾಲ್, ಖಾಸಗಿ ಆಸ್ಪತ್ರೆ, ಗೋದಾಮು, ಪೀಣ್ಯದಂಥ ಕಡೆಯ ಶೆಡ್ಡುಗಳು ತೆರುವ ದರವೂ ಹೆಚ್ಚು, ಬಹುತೇಕ ಕಡೆ ಬಳಕೆ ಹಗಲಿನದು. ಚಂಡೀಗಡ 2016ರಲ್ಲೇ 500 ಚದರ ಗಜ ಮತ್ತು ಮೇಲ್ಪಟ್ಟ ನಿವೇಶನಗಳಿಗೆ ಈ ನಿಯಮ ತಂದಿತು. ಕ್ಯಾಲಿಫೋರ್ನಿಯಾ 2020ರಿಂದ ಹೊಸ ಮನೆಗಳಿಗೂ ಅನ್ವಯಿಸಿತು. ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟು, ಬೋರ್‌ವೆಲ್ ಮೋಟಾರು, ಕೊಳಚೆ ನೀರು ಶುದ್ಧೀಕರಣ ಘಟಕಗಳ ಬಿಲ್ಲಿಗೆ ಸರಿಯಾಗುವಷ್ಟು ಫಲಕವನ್ನು ಬಿಲ್ಡರೇ ಹಾಕಿ ಸಂಘಕ್ಕೆ ಒಪ್ಪಿಸಲಿ. ತಾರಸಿ ಯಾರದೆಂಬ ಜಗಳ ಹುಟ್ಟುವ ಮುಂಚೆಯೇ ಅದು ಆಗಬೇಕು.

ಪಾವಗಡದ ಸೌರ ಪಾರ್ಕಿನ 2,050 ಮೆಗಾವಾಟಿಗಾಗಿ ರೈತರು ಸುಮಾರು 13,000 ಎಕರೆ ಗುತ್ತಿಗೆಗೆ ಕೊಟ್ಟಿದ್ದಾರೆ. ಅಲ್ಲಿನ ವಿದ್ಯುತ್ತು ನಗರ ಮುಟ್ಟಲು ಗೋಪುರ, ತಂತಿ, ಸಬ್‌ಸ್ಟೇಷನ್ ಎಲ್ಲ ಬೇಕು. ನಗರದ ತಾರಸಿಗೆ ಎಕರೆಯೂ ಬೇಡ, ಗೋಪುರವೂ ಬೇಡ. ಹತ್ತು ಕಿಲೋವಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಪರಿಶೀಲನೆಯೇ ಬೇಡವೆಂದು ಕೇಂದ್ರ 2024ರಲ್ಲಿ ನಿಯಮ ಸಡಿಲಿಸಿಯೂ ಆಗಿದೆ.

ಆಷಾಢ ಕಳೆದ ಕೂಡಲೇ ಗುದ್ದಲಿ ಪೂಜೆಗಳು ಸಾಲುಗಟ್ಟುತ್ತವೆ. ಅಷ್ಟರೊಳಗೆ ನಗರಾಭಿವೃದ್ಧಿ ಇಲಾಖೆಯವರನ್ನು ಕೂರಿಸಿಕೊಂಡು ಒಂದು ಸುತ್ತೋಲೆ ಹೊರಡಿಸಿ. ಜೊತೆಗೆ 20×30, 30×40, 40×60 ಸೈಟುಗಳಿಗೆ, ನಾಲ್ಕೂ ದಿಕ್ಕಿನ ಬಾಗಿಲಿಗೆ ಹೊಂದುವ ಮಾದರಿ ತಾರಸಿ ನಕ್ಷೆಗಳು ಮೇಸ್ತ್ರಿಗೆ ಅರ್ಥವಾಗುವ ಕನ್ನಡದಲ್ಲಿರಲಿ. ಅವನ್ನು ಬರೆದುಕೊಡಲು ನಾನು ಶುಲ್ಕವಿಲ್ಲದೆ ಬರುತ್ತೇನೆ. ಬೇಕಿದ್ದರೆ ಒಬ್ಬ ವಾಸ್ತುವಿನವರನ್ನೂ ಕರೆತರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಸಿವಿಲ್ ಎಂಜಿನಿಯರ್