ನೇಗಿಲೆತ್ತದ ಟ್ರ್ಯಾಕ್ಟರು

ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾದ ಫರ್ಗುಸನ್ ಟಿ.ಇ. 20 ಟ್ರ್ಯಾಕ್ಟರುಗಳು ಐದು ಲಕ್ಷಕ್ಕೂ ಅಧಿಕ. ಅವುಗಳಲ್ಲಿ ಅನೇಕವು ಇಂದಿಗೂ ಓಡುತ್ತಿವೆ. ಹ್ಯಾರಿ ಫರ್ಗುಸನ್ನನ ಕೀರ್ತಿಗೆ ಕಾರಣವಾದುದು ಎಂಜಿನ್ನಲ್ಲ. ನೇಗಿಲನ್ನು ಎಣ್ಣೆಯ ಒತ್ತಡದಿಂದ ಎತ್ತುವ ಹಿಂಬದಿಯ ತೋಳುಗಳು. ಗ್ಯಾರೇಜಿನ ಜಾಕು ಕಾರನ್ನೆತ್ತುವುದೂ ಇದೇ ತತ್ತ್ವದಿಂದ. ಮುಪ್ಪಿನಲ್ಲಿ ಬಹಳ ವೇಳೆ ಸೋಲುವುವೂ ಆ ತೋಳುಗಳೇ.

ತೋಳು ಸೋತೊಡನೆ ಪಂಪು ಕೆಟ್ಟಿತೆಂದು ಹಣ ಸುರಿಯುವುದು ಅವಿವೇಕ. ಈ ಯಂತ್ರದಲ್ಲಿ ಗೇರುಗಳನ್ನು ನೆನೆಸುವ ಎಣ್ಣೆಯೇ ನೇಗಿಲನ್ನೂ ಎತ್ತುತ್ತದೆ. ಆದ್ದರಿಂದ ಮೊದಲು ಎಣ್ಣೆಯ ಮಟ್ಟವನ್ನು ನೋಡಬೇಕು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಬೆರೆತಿದೆಯೆಂದು ತಿಳಿಯಬೇಕು.

ಎಣ್ಣೆ ಸರಿಯಿದ್ದರೆ ಇನ್ನೊಂದು ಪರೀಕ್ಷೆಯುಂಟು. ನೇಗಿಲನ್ನೆತ್ತಿ, ಹಿಡಿಯನ್ನು ಮೇಲೆಯೇ ಬಿಟ್ಟು ಎಂಜಿನ್ ನಿಲ್ಲಿಸಬೇಕು. ನೇಗಿಲು ಬೇಗನೆ ಕುಸಿದರೆ ಎಣ್ಣೆ ಎಲ್ಲಿಯೋ ಸೋರುತ್ತಿದೆ: ಸವೆದ ಪಿಸ್ಟನ್ ಉಂಗುರದಲ್ಲಿ, ಇಲ್ಲವೇ ಕವಾಟದಲ್ಲಿ. ಏರುವುದು ನಿಧಾನವಾದರೂ ಏರಿದ್ದು ಅಲುಗದೆ ನಿಂತರೆ ಆಗ ಪಂಪನ್ನು ಸಂದೇಹಿಸಬಹುದು. ಬೆಳಗಿನ ತಂಪಿನಲ್ಲಿ ಚೆನ್ನಾಗಿ ಎತ್ತಿ, ಮಧ್ಯಾಹ್ನಕ್ಕೆ ಬಳಲುವುದಾದರೆ, ಬಿಸಿಗೆ ತೆಳುವಾದ ಎಣ್ಣೆ ಸವೆದ ಸಂದುಗಳಲ್ಲಿ ಜಾರಿಹೋಗುತ್ತಿದೆಯೆಂದೇ ಅರ್ಥ.

ರೋಗವನ್ನರಿತ ರೈತನಿಗೆ ಉಳಿಯುವುದು ಹಣವೊಂದೇ ಅಲ್ಲ, ಉಳುಮೆಯ ಹದವೂ ಉಳಿಯುತ್ತದೆ. ಆದರೆ ಒಂದು ಎಚ್ಚರಿಕೆಯನ್ನು ಮರೆಯಲಾಗದು. ಬಿಚ್ಚಿ ನೋಡುವ ಮೊದಲು ನೇಗಿಲನ್ನು ನೆಲಕ್ಕಿಳಿಸಲೇಬೇಕು. ಎಣ್ಣೆಯ ಆಸರೆಯೊಂದನ್ನೇ ನಂಬಿ ತೂಗುವ ಭಾರದ ಕೆಳಗೆ ಕೈಯಿಡುವುದು ಪ್ರಾಣಕ್ಕೇ ಅಪಾಯ. ಆ ಆಸರೆ ಸೋರುತ್ತಿದೆಯೆಂಬುದೇ ಅಲ್ಲವೆ ಪರೀಕ್ಷೆ ತಿಳಿಸಿದ್ದು?