ಬಿಟ್ಟಿ ಸಾಫ್ಟ್‌ವೇರ್, ಮೂರು ತಾಲ್ಲೂಕು, ಒಂದು ಫೋನ್ ಕಾಲ್

"ದುಡ್ಡು ಬೇಡ, ನಾನೇ ಮಾಡ್ಕೊಡ್ತೀನಿ" ಅಂತ ಯಾವುದಾದರೂ ಗುಂಪಲ್ಲಿ ಒಂದ್ಸಲ ಹೇಳಿ ನೋಡಿ. ಮೊದಲು ಬರೋದು ಥ್ಯಾಂಕ್ಸ್ ಅಲ್ಲ, ಅನುಮಾನ. "ಇದ್ರಲ್ಲಿ ನಿಂಗೇನಪ್ಪ ಲಾಭ?" ಅಂತ ಯಾರಾದರೂ ಒಬ್ಬರು ಕೇಳೇ ಕೇಳ್ತಾರೆ. ನನ್ನನ್ನು ಕೇಳಿದವರು ಯಳಂದೂರಿನ ಒಬ್ಬ ನಿವೃತ್ತ ಗುಮಾಸ್ತರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಫೋನಿನಲ್ಲಿ ಬಿಟ್ಟಿ ಸಿಗೋ ಆ್ಯಪ್‌ಗಳು ನಮ್ಮಿಂದ ಏನೇನು ತಗೊಂಡು ಹೋಗ್ತವೆ ಅನ್ನೋದು ಈಗ ಎಲ್ಲರಿಗೂ ಅಷ್ಟೋ ಇಷ್ಟೋ ಗೊತ್ತು.

ಗುಂಪು ಅಂದ್ರೆ ದೊಡ್ಡದೇನಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಸುಮಾರು ನಲವತ್ತು ಜನ. ಕೆಲವರು ಊರಲ್ಲೇ ಇದ್ದಾರೆ, ಕೆಲವರು ನನ್ನ ಥರ ಬೆಂಗಳೂರು ಸೇರಿ ಹಬ್ಬಕ್ಕೆ ಮಾತ್ರ ಬಸ್ ಹತ್ತೋರು. ಎಲ್ಲರೂ ಅವರವರ ಬ್ಲಾಗಿನಲ್ಲಿ ಏನಾದರೂ ಬರೀತಾರೆ. ಒಬ್ಬರು ರೇಷ್ಮೆ ಗೂಡಿನ ಮಾರುಕಟ್ಟೆ ಬಗ್ಗೆ, ಇನ್ನೊಬ್ಬರು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳ ಬಗ್ಗೆ, ಮತ್ತೊಬ್ಬರು ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡು ಹೋಗೋ ದಾರಿಯ ಬಗ್ಗೆ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಪಕ್ಕದ ಯಳಂದೂರು ಮೈಸೂರಿಗೆ. ಆ ಕಾಲದಲ್ಲಿ ಎರಡೂ ಕಡೆ ಸಂಬಂಧ ಬೆಳೆಸಿದ ಮನೆಗಳ ಕತೆಗಳನ್ನೇ ಒಬ್ಬರು ಸಾಲಾಗಿ ಬರೆದಿದ್ದಾರೆ. ಇದನ್ನೆಲ್ಲ ಬೇರೆ ಯಾರು ಬರೀತಾರೆ ಹೇಳಿ?

ಕಷ್ಟ ಏನಂದ್ರೆ, ಯಾರು ಯಾವಾಗ ಬರೆದರು ಅಂತ ಒಬ್ಬರಿಗೊಬ್ಬರಿಗೆ ಗೊತ್ತಾಗಲ್ಲ. ವಾಟ್ಸ್ಯಾಪಲ್ಲಿ ಲಿಂಕ್ ಹಾಕಿದರೆ ಗುಡ್ ಮಾರ್ನಿಂಗ್ ಹೂವುಗಳ ಕೆಳಗೆ ಹೂತುಹೋಗುತ್ತೆ. ಹಿಂದೆ ಇದಕ್ಕೆ ಗೂಗಲ್ ರೀಡರ್ ಅಂತ ಒಂದಿತ್ತು, ಅದನ್ನು 2013ರ ಜುಲೈ 1ಕ್ಕೆ ಮುಚ್ಚಿದರು. ಆದರೆ ಅದರ ಹಿಂದಿದ್ದ ತಂತ್ರ ಇನ್ನೂ ಬದುಕಿದೆ, ಆರ್‌ಎಸ್‌ಎಸ್ ಅಂತ (ಹೆಸರು ಕೇಳಿ ಬೇರೇನೋ ಅಂದ್ಕೋಬೇಡಿ). ಬ್ಲಾಗಿನ ವಿಳಾಸದ ಕೊನೆಗೆ ಒಂದಿಷ್ಟು ಅಕ್ಷರ ಸೇರಿಸಿದರೆ ಸಾಕು, ಅಲಂಕಾರ ಎಲ್ಲ ಬಿಟ್ಟು ಬರೀ ಬರಹ, ತಾರೀಖು, ಶೀರ್ಷಿಕೆ ಸಿಗುತ್ತೆ. ಆರು ಗಂಟೆಗೊಮ್ಮೆ ನಲವತ್ತೂ ಮನೆಯ ಬಾಗಿಲಿಗೆ ಹೋಗಿ ಹೊಸದೇನಾದರೂ ಇದೆಯಾ ಅಂತ ನೋಡ್ಕೊಂಡು ಬಂದು ಒಂದೇ ಪುಟದಲ್ಲಿ ಜೋಡಿಸೋ ಪ್ರೋಗ್ರಾಂ ಬರೆಯೋಕೆ ಒಂದು ಶನಿವಾರ, ಒಂದು ಭಾನುವಾರ ಸಾಕು. ನಾನು ಮಾಡ್ಕೊಡ್ತೀನಿ ಅಂದಿದ್ದು ಇಷ್ಟನ್ನೇ. ಹೆಸರಿಗೆ ಟ್ರ್ಯಾಕರ್ ಅಂದೆ.

ಆ ಪದವೇ ಗುಂಪನ್ನು ಎರಡು ಭಾಗ ಮಾಡಿತು. ಅರ್ಧ ಜನಕ್ಕೆ ಟ್ರ್ಯಾಕರ್ ಅಂದ್ರೆ "ನನ್ನದನ್ನು ಎಷ್ಟು ಜನ ಓದಿದರು, ಯಾವ ಊರಿಂದ ಓದಿದರು" ಅಂತ ತೋರಿಸೋ ಯಂತ್ರ. ಹಳೇ ಬ್ಲಾಗಿಗರಿಗೆ ನೆನಪಿರಬಹುದು, ಒಂದು ಕಾಲಕ್ಕೆ ಬ್ಲಾಗಿನ ಪಕ್ಕದಲ್ಲಿ ಫೀಡ್‌ಜಿಟ್ ಅಂತ ಒಂದು ಪೆಟ್ಟಿಗೆ ಕೂತಿರ್ತಿತ್ತು. ಮೈಸೂರಿಂದ ಒಬ್ಬರು ಈಗ ತಾನೇ ಬಂದರು, ಅಮೆರಿಕದ ಯಾವುದೋ ಊರಿಂದ ಒಬ್ಬರು ಬಂದರು ಅಂತ ಬಾವುಟದ ಸಮೇತ ತೋರಿಸೋದು. ಅದನ್ನು ನೋಡ್ತಾ ಕೂತ್ಕೊಳ್ಳೋದೇ ಒಂದು ಖುಷಿ. "ಅಂಥದ್ದೇ ಹಾಕ್ಕೊಡಪ್ಪ" ಅಂತ ಹಿರಿಯರು ಪಟ್ಟು ಹಿಡಿದರು. ಬರೆಯೋರಿಗೆ ಓದೋರು ಇದ್ದಾರೆ ಅಂತ ಗೊತ್ತಾಗಬೇಕು ಅನ್ನಿಸೋದು ಸಹಜವೇ.

ಆಗ ಹನೂರು ಕಡೆಯ ಒಬ್ಬರು ಟೀಚರ್ ನನಗೆ ಪ್ರತ್ಯೇಕವಾಗಿ ಮೆಸೇಜ್ ಹಾಕಿದರು. ಅವರು ಬರೆಯೋದು ಬೇರೆ ಹೆಸರಲ್ಲಿ. ಗಂಡನ ಮನೆ, ಸ್ಕೂಲಿನ ಸ್ಟಾಫ್ ರೂಮು, ಬಸ್ ಸ್ಟ್ಯಾಂಡು, ಎಲ್ಲ ಬರೀತಾರೆ, ಚೂಪಾಗಿ ಬರೀತಾರೆ. ಅವರು ಹೇಳಿದ್ದನ್ನು ಹಾಗೇ ಕೊಡ್ತೀನಿ: "ಸಾರ್, ನಮ್ಮೂರಿಂದ ನನ್ನ ಬ್ಲಾಗ್ ಓದೋರು ಮೂರೇ ಜನ. ನೀವು ಮೂರು ಅಂತ ತೋರಿಸಿದ್ರೆ ಆ ಮೂರು ಜನ ಯಾರು ಅಂತ ನಾನು ಹೇಳ್ಬಿಡ್ತೀನಿ. ಬರೆದೋಳು ಯಾರು ಅಂತ ಅವರೂ ಹೇಳ್ಬಿಡ್ತಾರೆ."

ಬೆಂಗಳೂರಿನ ಆಫೀಸಲ್ಲಿ ಕೂತು ಲಕ್ಷಗಟ್ಟಲೆ ಕ್ಲಿಕ್‌ಗಳ ಗ್ರಾಫ್ ನೋಡೋ ನಮಗೆ ಈ ಮಾತು ಸುಲಭಕ್ಕೆ ಹೊಳೆಯಲ್ಲ. ಲಕ್ಷದಲ್ಲಿ ಒಬ್ಬ ಅಂದ್ರೆ ಯಾರೂ ಅಲ್ಲ. ಮೂರರಲ್ಲಿ ಒಬ್ಬ ಅಂದ್ರೆ ಓರಗಿತ್ತಿ.

ತಾಂತ್ರಿಕವಾಗಿ ಹೇಳೋದಾದರೆ, ಹನೂರಿನಲ್ಲಿ ಮೊಬೈಲ್ ಡೇಟಾ ಹಾಕ್ಕೊಂಡು ಓದಿದೋರು ಲೆಕ್ಕದಲ್ಲಿ ಹನೂರಿನವರಾಗಿ ಕಾಣಿಸೋದೇ ಅಪರೂಪ. ಐಪಿ ವಿಳಾಸ ಕಂಪನಿಯ ದೊಡ್ಡ ಕೇಂದ್ರದ್ದಾಗಿರುತ್ತೆ, ಹೀಗಾಗಿ ಸಾಮಾನ್ಯವಾಗಿ ಬೆಂಗಳೂರು ಅಂತಲೋ, ಒಮ್ಮೊಮ್ಮೆ ಚೆನ್ನೈ ಅಂತಲೋ ತೋರಿಸುತ್ತೆ. ಫೀಡ್‌ಜಿಟ್‌ನಲ್ಲಿ ನಾವು ನೋಡಿ ಹಿಗ್ಗಿದ ಊರುಗಳಲ್ಲಿ ಎಷ್ಟು ನಿಜವೋ ಆ ಮಾದಪ್ಪನೇ ಬಲ್ಲ. ಆದರೆ ಊರು ಗೊತ್ತಾಗದಿದ್ದರೂ ಸಮಯ ಸಾಕು. ಒಂಬತ್ತು ಹತ್ತಕ್ಕೆ ನಾದಿನಿಗೆ ಲಿಂಕ್ ಕಳಿಸಿ, ಒಂಬತ್ತು ಹನ್ನೊಂದಕ್ಕೆ ಒಬ್ಬರು ಓದಿದರು ಅಂತ ಬಂದರೆ ಅಲ್ಲಿಗೆ ಮುಗೀತು.

ಹಾಗಾಗಿ ಈಗ ಇರೋ ವ್ಯವಸ್ಥೆ ಹೀಗಿದೆ. ಊರು ತೋರಿಸಲ್ಲ. ಗಂಟೆ, ನಿಮಿಷ ತೋರಿಸಲ್ಲ, ವಾರಕ್ಕೊಂದು ಒಟ್ಟು ಲೆಕ್ಕ ಮಾತ್ರ. ಆ ಒಟ್ಟು ಹತ್ತಕ್ಕಿಂತ ಕಡಿಮೆ ಇದ್ದರೆ "ಕೆಲವರು" ಅಂತ ಬರುತ್ತೆ. ಐಪಿ ವಿಳಾಸ ಎಲ್ಲೂ ಉಳಿಸಲ್ಲ, ಕುಕಿ ಇಡಲ್ಲ. ಲೆಕ್ಕವೇ ಬೇಡ ಅಂದೋರ ಬ್ಲಾಗಿಗೆ ಲೆಕ್ಕವೇ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯನ್ನು ನೋಡಿ ಇದನ್ನೆಲ್ಲ ಮಾಡಿದೆ ಅಂತ ಹೇಳ್ಕೊಂಡರೆ ತೂಕ ಬರ್ತಿತ್ತೇನೋ, ಆದರೆ ನಿಜವಾಗಿ ಆ ಟೀಚರ್ ಮೆಸೇಜೇ ಸಾಕಾಯ್ತು. ಹಿರಿಯರಿಗೆ ಸ್ವಲ್ಪ ಬೇಜಾರಾಯಿತು. "ಕೆಲವರು ಅಂದ್ರೆ ಎಷ್ಟು ಜನ ಕನಪ್ಪ?" ಅಂತ ಈಗಲೂ ಒಬ್ಬರು ತಿಂಗಳಿಗೊಮ್ಮೆ ಕೇಳ್ತಾರೆ. ಅವರಿಗೆ ಬಂದ ಸಂಖ್ಯೆಯಲ್ಲಿ ಬಹುಪಾಲು ಸರ್ಚ್ ಎಂಜಿನ್‌ಗಳ ಬಾಟ್‌ಗಳೇ, ಮನುಷ್ಯರಲ್ಲ ಅಂತ ನಾನಿನ್ನೂ ಹೇಳಿಲ್ಲ.

ಪ್ರೋಗ್ರಾಂ ಬರೆಯೋದು ಎರಡು ದಿನದ ಕೆಲಸ ಅಂದೆನಲ್ಲ, ಕನ್ನಡ ಅದನ್ನು ಎರಡು ವಾರ ಮಾಡಿತು. "ಕೊಳ್ಳೇಗಾಲ" ಅಂತ ಹುಡುಕಿದರೆ ಅರ್ಧ ಬರಹ ಸಿಗಲೇ ಇಲ್ಲ. ಒಬ್ಬರು ಕೊಳ್ಳೆಗಾಲ ಅಂತ ಬರೀತಾರೆ, ಅದು ಗೊತ್ತಿರೋದೇ. ಆದರೆ ಕಣ್ಣಿಗೆ ಒಂದೇ ಥರ ಕಾಣೋ "ಕೊ" ಕೂಡ ಕಂಪ್ಯೂಟರಿಗೆ ಎರಡು ಥರ. ಯೂನಿಕೋಡಿನಲ್ಲಿ ಒ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಅಂತ ಎರಡು ಸಂಕೇತ ಜೋಡಿಸಿಯೂ ಬರೆಯಬಹುದು. ಮೊದಲೇ ಎಲ್ಲವನ್ನೂ ಒಂದೇ ರೂಪಕ್ಕೆ ತಂದ್ಕೊಂಡು ಆಮೇಲೆ ಹುಡುಕಬೇಕು. ಇನ್ನು ಮಾದೇಶ್ವರ, ಮಹದೇಶ್ವರ, ಮಾದಪ್ಪ, ಮಾದೇವ ಇಷ್ಟೂ ಒಬ್ಬರೇ ಅಂತ ಯಂತ್ರಕ್ಕೆ ಕೂತು ಹೇಳಿಕೊಟ್ಟೆ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿ ಹಾಗೇ ಅಂಟಿಸಿದ ನಾಲ್ಕೈದು ಬರಹಗಳಂತೂ ಬರೀ ಇಂಗ್ಲಿಷ್ ಅಕ್ಷರಗಳ ರಾಶಿಯಂತೆ ಬಿದ್ದಿದ್ದವು, ಅವನ್ನು ಕನ್ವರ್ಟರಿಗೆ ಹಾಕಿ ಎತ್ತಿದ್ದಾಯಿತು.

ಇದೆಲ್ಲ ಮುಗಿದ ಮೇಲೆ, ಯಾರೂ ಕೇಳದಿದ್ದ ಒಂದು ಪಟ್ಟಿಯನ್ನು ನಾನಾಗೇ ಸೇರಿಸಿದೆ. ಒಂದು ವರ್ಷದಿಂದ ಏನೂ ಬರೆಯದವರ ಪಟ್ಟಿ. ನಲವತ್ತರಲ್ಲಿ ಹನ್ನೊಂದು ಹೆಸರು ಬಂತು. ಗುಂಪಿನಲ್ಲಿ ನಾವು ನಾಲ್ಕು ಜನ ಆ ಹೆಸರುಗಳನ್ನು ಹಂಚಿಕೊಂಡು ಫೋನ್ ಮಾಡೋಣ ಅಂತ ಮಾತಾಯಿತು. ಬಹಳ ಜನ "ಟೈಮಿಲ್ಲ ಮಾರಾಯ", "ಪಾಸ್‌ವರ್ಡ್ ಮರ್ತೋಗಿದೆ" ಅಂದರು. ಒಬ್ಬರಿಗೆ ಕಣ್ಣಿನ ಆಪರೇಷನ್ ಆಗಿತ್ತು.

ನನ್ನ ಪಾಲಿಗೆ ಬಂದ ಒಂದು ಹೆಸರು ಹನೂರು ಆಚೆಯ ಒಂದು ಹಳ್ಳಿಯ ಮೇಷ್ಟ್ರದು. ದನಗಳ ಬಗ್ಗೆ, ರಾಗಿ ತಳಿಗಳ ಬಗ್ಗೆ, ಕಾಡಂಚಿನ ಜಮೀನಿನಲ್ಲಿ ಆನೆಗೆ ಕಾವಲು ಕಾಯೋ ರಾತ್ರಿಗಳ ಬಗ್ಗೆ ನೂರಕ್ಕೂ ಹೆಚ್ಚು ಬರಹ ಹಾಕಿದ್ದರು. ಫೋನ್ ಎತ್ತಿದ್ದು ಅವರ ಹೆಂಡತಿ.

"ಅವ್ರು ಹೋಗಿ ವರ್ಸ ಆಯ್ತು ಕನಪ್ಪ. ನಿಮ್ಗೆ ಯಾರೂ ಹೇಳ್ನಿಲ್ವ?"

ನಾನು ಏನೋ ತಡವರಿಸಿದೆ. ಮೇಷ್ಟ್ರು ಬರೀತಿದ್ದರಲ್ಲ, ಅದನ್ನು ಓದ್ತಿದ್ದೆ ಅಮ್ಮ, ಅದಕ್ಕೇ ಮಾಡಿದೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಬರೀತಿದ್ರಾ? ಜಗುಲಿ ಮೇಲೆ ಫೋನ್ ಇಟ್ಕಂಡು ಒತ್ತೊತ್ತಿ ಕೂತಿರೋರು. ಅದೇನೋ ಆಟ ಆಡ್ತರೆ ಅಂದ್ಕಂಡು ನಾನು ಬೈತಿದ್ದಿ. ಏನ್ ಬರೀತಿದ್ರು?"

ಅವರಿಗೆ ಓದು ಬರಲ್ಲ. ನಾನು ಫೋನಲ್ಲೇ ಒಂದು ಬರಹ ಓದಿ ಹೇಳಿದೆ, ಮನೆಯ ಹಸು ಕಾಡಲ್ಲಿ ಕಳೆದುಹೋಗಿ ಮೂರನೇ ದಿನ ತಾನಾಗೇ ಬಂದಿದ್ದು. ಮುಗಿಸೋ ಮುಂಚೆ ತಡೆದರು. "ಮೂರು ದಿನ ಅಲ್ಲ, ಐದು ದಿನ. ಹುಡುಕಕ್ಕೆ ಹೋದೋಳು ನಾನು. ಅವ್ರು ಸ್ಕೂಲಲ್ಲಿದ್ರು."

ಬ್ಲಾಗು ಇವತ್ತಿಗೂ ತೆರೆದುಕೊಳ್ಳುತ್ತೆ. ಆದರೆ ಎರಡು ವರ್ಷ ಬಳಸದ ಖಾತೆಗಳನ್ನು ಅಳಿಸಬಹುದು ಅಂತ ಗೂಗಲ್ 2023ರಲ್ಲೇ ಹೇಳಿದೆ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಇರೋದು ಮೇಷ್ಟ್ರ ಹಳೇ ಸಿಮ್ ಒಂದೇ, ಅದಕ್ಕೇ ಓಟಿಪಿ ಬರಬೇಕು. ರೀಚಾರ್ಜ್ ಮಾಡದೆ ಬಿಟ್ಟರೆ ಕೆಲವು ತಿಂಗಳಲ್ಲಿ ಆ ನಂಬರ್ ಬೇರೆ ಯಾರಿಗೋ ಹೋಗ್ತಿತ್ತು. ಅಮ್ಮ ಅದನ್ನು ಬಿಟ್ಟಿರಲಿಲ್ಲ, ಯಾಕಂದ್ರೆ ಮಗಳು ಆ ನಂಬರಿಗೇ ಫೋನ್ ಮಾಡೋದು. ಯಳಂದೂರಿನಲ್ಲಿ ಹುಟ್ಟಿದ ಸಂಚಿ ಹೊನ್ನಮ್ಮ 17ನೇ ಶತಮಾನದಲ್ಲಿ ಬರೆದ ಹದಿಬದೆಯ ಧರ್ಮ ಓಲೆಗರಿ ದಾಟಿ ನಮ್ಮ ಕೈಗೆ ಬಂದಿದೆ. ಈ ಮೇಷ್ಟ್ರ ಬರಹ ಒಂದು ರೀಚಾರ್ಜಿಗೆ ನೇತು ಹಾಕ್ಕೊಂಡಿತ್ತು.

ನೀವೂ ಎಲ್ಲಾದರೂ ಬರೀತಾ ಇದ್ದರೆ, ಇವತ್ತೇ ಎರಡು ಕೆಲಸ ಮಾಡಿ. ಗೂಗಲ್ ಖಾತೆಯಲ್ಲಿ ಇನಾಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ ಇದೆ, ನೀವು ಇಷ್ಟು ತಿಂಗಳು ಕಾಣಿಸದಿದ್ದರೆ ಯಾರಿಗೆ ತಿಳಿಸಬೇಕು, ಯಾವುದನ್ನು ಕೊಡಬೇಕು ಅಂತ ಅಲ್ಲಿ ಬರೆದಿಡಬಹುದು. ಇನ್ನೊಂದು ಟೇಕ್‌ಔಟ್, ನಿಮ್ಮ ಬ್ಲಾಗಿನ ಅಷ್ಟೂ ಬರಹ ಒಂದು ಫೈಲಾಗಿ ಇಳಿಸಿಕೊಳ್ಳೋಕೆ. ಕಾಫಿ ಆರೋದರೊಳಗೆ ಎರಡೂ ಮುಗಿಯುತ್ತೆ.

ಮತ್ತೆ ಬಿಟ್ಟಿ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಆ ಗುಮಾಸ್ತರ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬಂದಿದ್ದೇ ಹೆಚ್ಚುಕಮ್ಮಿ ಇಂಥ ಕೆಲಸಗಳಿಂದ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದ ಆಧಾರದ ಮೇಲೆ ನಾವು ಇವತ್ತೂ ಟೈಪ್ ಮಾಡ್ತೀವಿ. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂತು, ಎಷ್ಟೋ ಮನೆಗಳಲ್ಲಿ ಮೊದಲ ಕನ್ನಡ ಅಕ್ಷರ ತೆರೆಯ ಮೇಲೆ ಮೂಡಿದ್ದು ಅದರಿಂದ, ಪುಕ್ಕಟೆಯಾಗಿ. ವಿ. ಕೃಷ್ಣ ಅವರು ದಶಕಗಟ್ಟಲೆ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟನ್ನು 2019ರಲ್ಲಿ ಕೈಲಾಶ್ ನಾಧ್ ಅವರು ಅಲರ್ ಅನ್ನೋ ಹೆಸರಲ್ಲಿ ಆನ್‌ಲೈನಿಗೆ ತಂದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದ. ಅದರಲ್ಲಿ ನನಗೆ ಮುಖ್ಯ ಅನ್ನಿಸೋದು ಪದಗಳ ಸಂಖ್ಯೆ ಅಲ್ಲ, ಆ ಇಡೀ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಂಡು ಬಳಸೋ ಹಾಗೆ ಮುಕ್ತ ಪರವಾನಗಿಯಲ್ಲಿ ಇಟ್ಟಿದ್ದು. ನಾಳೆ ಆ ಜಾಲತಾಣ ಮುಚ್ಚಿದರೂ ನಿಘಂಟು ಉಳಿಯುತ್ತೆ.

ಬಿಟ್ಟಿ ಕೊಟ್ಟವನೇ ಬೀಗದ ಕೈ ಇಟ್ಕೊಂಡರೆ ಅದು ಮುಕ್ತ ಆಗಲ್ಲ. ನನಗೆ ಬೇಸರ ಬಂದರೆ, ಕೆಲಸ ಬದಲಾದರೆ, ಮದುವೆ ಆದರೆ (ಅಮ್ಮ ಓದ್ತಿದ್ದಾರೆ, ಅದಕ್ಕೇ ಬರೆದೆ) ಅದು ನಿಂತೇಹೋಗುತ್ತೆ. ಅದಕ್ಕೇ ಕೋಡ್ ಪೂರ್ತಿ ಎಲ್ಲರಿಗೂ ತೆರೆದಿಟ್ಟಿದ್ದೀನಿ, ಸರ್ವರಿನ ಪಾಸ್‌ವರ್ಡ್ ಇನ್ನಿಬ್ಬರ ಹತ್ತಿರ ಇದೆ. ಒಬ್ಬಳು ಯಳಂದೂರಿನ ಬಿಸಿಎ ಓದೋ ಹುಡುಗಿ, ನನ್ನ ಪ್ರೋಗ್ರಾಮಿನಲ್ಲಿ ಆಗಲೇ ಎರಡು ಕಡೆ ತಿದ್ದಿದ್ದಾಳೆ. ಇನ್ನೊಬ್ಬರು ಯಾರು ಅಂದ್ರೆ, ಲಾಭ ಏನು ಅಂತ ಕೇಳಿದ ಆ ಗುಮಾಸ್ತರೇ. ಡೊಮೇನಿಗೆ ವರ್ಷಕ್ಕೆ ಸುಮಾರು ಒಂದು ಸಾವಿರ ರೂಪಾಯಿ ಆಗುತ್ತೆ. ಅದನ್ನು ನಾನೊಬ್ಬನೇ ಕೊಡೋದು ಬೇಡ, ತಲೆಗೆ ಇಪ್ಪತ್ತೈದು ರೂಪಾಯಿ ಹಾಕೋಣ ಅಂತ ಅವರೇ ಅಂದರು. ರಸೀದಿ ಪುಸ್ತಕ ಕೂಡ ಇಟ್ಟಿದ್ದಾರೆ.

ಮೇಷ್ಟ್ರ ಖಾತೆಗೆ ಆ ಸಿಮ್ಮಿನಿಂದಲೇ ದಾರಿ ಸಿಕ್ಕಿತು. ಮಗಳು ಒಪ್ಪಿದ ಮೇಲೆ ಎಲ್ಲ ಇಳಿಸಿ, ಕೊಳ್ಳೇಗಾಲದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಸ್ಪೈರಲ್ ಹಾಕಿಸಿ ಮನೆಗೆ ತಲುಪಿಸಿದ್ದಾಯಿತು. ಮೊಮ್ಮಗ ದಿನಾ ಸಾಯಂಕಾಲ ಓದಿ ಹೇಳ್ತಾನಂತೆ. ಅಮ್ಮನ ತಿದ್ದುಪಡಿಗಳು ವಾರಕ್ಕೆರಡು ಬರ್ತಿವೆ, ವಾಯ್ಸ್ ಮೆಸೇಜಿನಲ್ಲಿ. ಮೂಲವನ್ನು ಮುಟ್ಟದೆ, ಪ್ರತಿ ಬರಹದ ಕೆಳಗೆ "ಮನೆಯವರು ಹೇಳಿದ್ದು" ಅಂತ ಸೇರಿಸ್ತಿದ್ದೀವಿ. ಹಸುವಿನ ಬರಹದ ಕೆಳಗೆ ಈಗ ಐದು ದಿನ ಅಂತಿದೆ.

ಉಳಿದ ಹತ್ತು ಹೆಸರುಗಳಲ್ಲಿ ಇಬ್ಬರು ಇನ್ನೂ ಸಿಕ್ಕಿಲ್ಲ. ಒಬ್ಬರು ರಾಮಾಪುರದ ಕಡೆಯವರು, ಕಂಸಾಳೆಯವರ ಬಗ್ಗೆ ಬರೀತಿದ್ದರು. ನಂಬರ್ ಸ್ವಿಚ್ ಆಫ್ ಬರ್ತಿದೆ. ಮುಂದಿನ ಭಾನುವಾರ ಆ ಹುಡುಗಿ, ಗುಮಾಸ್ತರು, ನಾನು, ಮೂವರೂ ಬಸ್ಸಲ್ಲಿ ಹೋಗಿ ಕೇಳ್ಕೊಂಡು ಬರ್ತೀವಿ.