ಮಳೆಮಾಪಕ ಕೆಟ್ಟರೆ ನಷ್ಟ ಯಾರ ತಲೆಗೆ? ಇಂಟರ್ನೆಟ್ ಆಫ್ ಥಿಂಗ್ಸ್ ವ್ಯಾಪಾರದ ಇನ್ನೊಂದು ಮುಖ

ಸಾಗರ ತಾಲ್ಲೂಕಿನ ನಮ್ಮೂರಲ್ಲಿ ಚಿಕ್ಕಪ್ಪನ ಅಡಿಕೆ ತೋಟದ ಪಂಪ್‌ಹೌಸ್ ಗೋಡೆಗೆ ಒಂದು ಪುಟ್ಟ ಪೆಟ್ಟಿಗೆ ತೂಗುಹಾಕಿದೆ. ಅದರೊಳಗೊಂದು ಸಿಮ್. ಕರೆಂಟ್ ಬಂದ ಕೂಡಲೇ ಚಿಕ್ಕಪ್ಪನ ಮೊಬೈಲ್‌ಗೆ ಮೆಸೇಜ್ ಬರ್ತಿತ್ತು. ಅವರು ಮಲಗಿದಲ್ಲಿಂದಲೇ ಒಂದು ಕಾಲ್ ಮಾಡಿದ್ರೆ ಮೋಟಾರ್ ಶುರು. ಅದಕ್ಕೂ ಮೊದಲು, ನಡುರಾತ್ರಿ ತ್ರೀ ಫೇಸ್ ಬಂತು ಅಂದ್ರೆ ಟಾರ್ಚ್ ಹಿಡ್ಕೊಂಡು ತೋಟಕ್ಕೆ ಇಳೀಬೇಕಿತ್ತು. ಹಾವಿನ ಭಯ, ಒದ್ದೆ ನೆಲದಲ್ಲಿ ಶಾಕ್ ಹೊಡೆಯೋ ಭಯ. ಆ ಪೆಟ್ಟಿಗೆ ನಮ್ಮ ಮನೆಗೆ ತಂದ ನೆಮ್ಮದಿಯನ್ನ ನಾನು ಕಣ್ಣಾರೆ ಕಂಡಿದ್ದೀನಿ.

ಕಳೆದ ಬೇಸಿಗೆಯಲ್ಲಿ ಆ ಪೆಟ್ಟಿಗೆ ಮಾತು ನಿಲ್ಲಿಸಿತು. ಮಾರಿದ ಕಂಪನಿಗೆ ಫೋನ್ ಮಾಡಿದ್ರೆ, "ಆ ಮಾಡೆಲ್ ಈಗ ಇಲ್ಲ, ಹೊಸದು ತಗೊಳ್ಳಿ" ಅಂದ್ರು. ಮೋಟಾರ್ ಸರಿ ಇತ್ತು, ಬಾವಿಯಲ್ಲಿ ನೀರಿತ್ತು, ಕರೆಂಟೂ ಇತ್ತು. ಆದರೂ ಚಿಕ್ಕಪ್ಪ ಮತ್ತೆ ಟಾರ್ಚ್ ಹುಡುಕಬೇಕಾಯ್ತು. "ಎಂತ ಇಂಟರ್ನೆಟ್ಟೋ ಮಾರಾಯ, ರಿಪೇರಿ ಮಾಡೋಕೆ ಒಬ್ಬ ಜನ ಇಲ್ಲ" ಅಂತ ನನ್ನನ್ನೇ ಬೈದರು.

ಬೈಯೋದಕ್ಕೆ ಕಾರಣ ಇತ್ತು. ನಾನು ಮೂರು ವರ್ಷ ಬೆಂಗಳೂರಿನ ಕಂಪನಿಯೊಂದರಲ್ಲಿ ಇಂಥದ್ದೇ ಉಪಕರಣಗಳಿಗೆ ಸಾಫ್ಟ್‌ವೇರ್ ಬರೀತಿದ್ದೆ. ಇಂಟರ್ನೆಟ್ ಆಫ್ ಥಿಂಗ್ಸ್, ಅಂದ್ರೆ ಐಒಟಿ ಬಗ್ಗೆ ನಾವು ತಯಾರಿಸ್ತಿದ್ದ ಪ್ರತಿ ಪ್ರೆಸೆಂಟೇಷನ್‌ನಲ್ಲೂ "ಅವಕಾಶ" ಅನ್ನೋ ಪದ ಇರ್ತಿತ್ತು. "ರಿಪೇರಿ" ಅನ್ನೋ ಪದ ಇದ್ದ ಒಂದೂ ಸ್ಲೈಡ್ ನನಗೆ ನೆನಪಿಲ್ಲ.

ಅವಕಾಶ ಸುಳ್ಳಲ್ಲ

ಮೊದಲೇ ಹೇಳಿಬಿಡ್ತೀನಿ, ಇದು ತಂತ್ರಜ್ಞಾನವನ್ನ ಹೀಗಳೆಯೋ ಬರಹ ಅಲ್ಲ. ವಸ್ತುವೊಂದಕ್ಕೆ ಸೆನ್ಸರ್ ಕೂರಿಸಿ, ಅದು ಕಂಡಿದ್ದನ್ನ ನೆಟ್‌ವರ್ಕ್ ಮೂಲಕ ದೂರದ ಕಂಪ್ಯೂಟರ್‌ಗೆ ಕಳಿಸಿ, ಅಲ್ಲಿಂದ ಬಂದ ತೀರ್ಮಾನದಂತೆ ಕೆಲಸ ಮಾಡಿಸೋದು ಐಒಟಿ. ಕರ್ನಾಟಕದಲ್ಲಿ ಇದಕ್ಕೆ ನಿಜವಾದ ಅಗತ್ಯ ಇದೆ. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಕೃಷಿ ಪಂಪ್‌ಸೆಟ್‌ಗಳಿವೆ. 10 ಎಚ್‌ಪಿವರೆಗಿನವಕ್ಕೆ ಕರೆಂಟ್ ಉಚಿತ. ಆದರೆ ಅದು ಬರೋ ಹೊತ್ತನ್ನ ತೀರ್ಮಾನಿಸೋದು ರೈತರಲ್ಲ. ಹಾಗಾಗಿಯೇ ಮೊಬೈಲ್ ಸ್ಟಾರ್ಟರ್ ಯಾವ ದೊಡ್ಡ ಜಾಹೀರಾತೂ ಇಲ್ಲದೆ ಹಳ್ಳಿ ಹಳ್ಳಿಗೆ ತಲುಪಿತು.

ಹೈನುಗಾರಿಕೆಯಲ್ಲಿ ಬೆಂಗಳೂರಿನ ಸ್ಟೆಲ್ಲಾಪ್ಸ್ ಕಂಪನಿ ಹಾಲಿನ ಪ್ರಮಾಣ, ಗುಣಮಟ್ಟ, ತಂಪು ಮಾಡೋ ಟ್ಯಾಂಕ್‌ಗಳ ಉಷ್ಣಾಂಶವನ್ನ ಸೆನ್ಸರ್‌ಗಳಿಂದ ಅಳೆಯೋ ವ್ಯವಸ್ಥೆ ಕಟ್ಟಿದೆ. ಇಲ್ಲಿನದೇ ಫಸಲ್ ಕಂಪನಿ ದ್ರಾಕ್ಷಿ, ದಾಳಿಂಬೆಯಂಥ ತೋಟಗಳಲ್ಲಿ ಮಣ್ಣಿನ ತೇವ, ಗಾಳಿಯ ತೇವ ನೋಡಿ ಯಾವಾಗ ನೀರು ಬಿಡಬೇಕು, ಯಾವಾಗ ಔಷಧಿ ಹೊಡೀಬೇಕು ಅಂತ ಸಲಹೆ ಕೊಡುತ್ತೆ. ಸರಿಯಾದ ದಿನ ಗೊತ್ತಾದ್ರೆ ಒಂದು ಸುತ್ತು ಔಷಧಿ ಉಳಿಯುತ್ತೆ. ಅದು ರೈತರ ಕೈಗೆ ಸಿಗೋ ದುಡ್ಡು. ಇಂಥ ಕಡೆ ವ್ಯಾಪಾರವೂ ನಿಲ್ಲುತ್ತೆ, ಉಪಯೋಗವೂ ಆಗುತ್ತೆ.

ನನ್ನ ತಕರಾರು ಬೇರೆ. ಈ ಉಪಕರಣಗಳು ನಮಗೆ ಸಹಾಯ ಮಾಡೋ ಹಂತ ದಾಟಿ ನಮ್ಮ ಬಗ್ಗೆ ತೀರ್ಪು ಕೊಡೋ ಹಂತಕ್ಕೆ ಬಂದಿವೆ. ಅದು ನಡೀತಿರೋದು ಹೇಗೆ ಅಂತ ನೋಡೋಕೆ ನಮ್ಮ ಮಲೆನಾಡಿನ ಮಳೆಮಾಪಕದಷ್ಟು ಒಳ್ಳೆ ಉದಾಹರಣೆ ಇನ್ನೊಂದಿಲ್ಲ.

ತೀರ್ಪು ಕೊಡುವ ಬಟ್ಟಲು

ಐಒಟಿ ಅನ್ನೋ ಹೆಸರು ಫ್ಯಾಷನ್ ಆಗೋದಕ್ಕೂ ಮೊದಲೇ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ರಾಜ್ಯದ ಉದ್ದಗಲಕ್ಕೂ ಟೆಲಿಮೆಟ್ರಿಕ್ ಮಳೆಮಾಪಕಗಳನ್ನ ನೆಡೋಕೆ ಶುರು ಮಾಡಿತ್ತು. ಗ್ರಾಮ ಪಂಚಾಯ್ತಿಗೊಂದು ಅನ್ನೋ ಲೆಕ್ಕದಲ್ಲಿ ಸುಮಾರು 6,000ಕ್ಕೂ ಹೆಚ್ಚು. ಸೋಲಾರ್ ಫಲಕ, ಬ್ಯಾಟರಿ, ಮೊಬೈಲ್ ನೆಟ್‌ವರ್ಕ್. ಇಷ್ಟು ಸಣ್ಣ ಮಟ್ಟದಲ್ಲಿ ಮಳೆ ಅಳೆಯೋ ಜಾಲ ಕಟ್ಟಿದ್ದು ಹೆಮ್ಮೆಪಡಬೇಕಾದ ಸಾರ್ವಜನಿಕ ಕೆಲಸ.

ಆದರೆ ಇದೇ ಅಂಕಿಗಳ ಮೇಲೆ ಈಗ ಹವಾಮಾನ ಆಧಾರಿತ ಬೆಳೆ ವಿಮೆ ನಿಂತಿದೆ. ಅಡಿಕೆಗೆ ಹೆಕ್ಟೇರ್‌ಗೆ ವಿಮಾ ಮೊತ್ತ 1,28,000 ರೂಪಾಯಿ. ರೈತರ ಕಂತು ಅದರ ಶೇ. 5, ಅಂದ್ರೆ 6,400 ರೂಪಾಯಿ. ಉಳಿದಿದ್ದನ್ನ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ತುಂಬುತ್ತವೆ. ಈ ವಿಮೆಯಲ್ಲಿ ಯಾರೂ ತೋಟಕ್ಕೆ ಬಂದು ಕೊಳೆರೋಗ ಎಷ್ಟಾಗಿದೆ, ಎಷ್ಟು ಕಾಯಿ ಉದುರಿದೆ ಅಂತ ನೋಡಲ್ಲ. ಮಳೆ ಇಷ್ಟು ದಿನ ಇಷ್ಟಿಷ್ಟು ಬಿತ್ತು ಅಂತ ಮಾಪಕ ಹೇಳಿದ್ರೆ ಪರಿಹಾರ ಉಂಟು. ಹೇಳದಿದ್ರೆ ಇಲ್ಲ.

ಮಾಪಕದ ಒಳಗಿರೋದು ತಕ್ಕಡಿಯಂತೆ ವಾಲಾಡೋ ಪುಟ್ಟ ಜೋಡಿ ಬಟ್ಟಲು. ನಿಗದಿತ ನೀರು ತುಂಬಿದಾಗ ಒಂದು ಮಗುಚುತ್ತೆ, ಅದನ್ನ ಯಂತ್ರ ಎಣಿಸುತ್ತೆ. ಮೇಲಿನ ಬಾಯಿಗೆ ಒಂದು ಎಲೆ ಬಿದ್ದರೆ, ಜೇಡ ಬಲೆ ಕಟ್ಟಿದ್ರೆ, ಬ್ಯಾಟರಿ ಸತ್ತರೆ, ಟವರ್ ಸಿಗದಿದ್ರೆ ಲೆಕ್ಕ ತಪ್ಪುತ್ತೆ. ಮಲೆನಾಡಲ್ಲಿ ವಾರಗಟ್ಟಲೆ ಬಿಸಿಲಿಲ್ಲ. ಸೋಲಾರ್ ಬ್ಯಾಟರಿಗೆ ಅತಿ ಕಷ್ಟದ ಹೊತ್ತೂ, ಮಾಪಕ ಸರಿ ಇರಲೇಬೇಕಾದ ಹೊತ್ತೂ ಒಂದೇ.

ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡದ ಬೆಳೆಗಾರರು ಕೆಲವು ವರ್ಷಗಳಿಂದ ಪದೇ ಪದೇ ಹೇಳ್ತಿರೋದು ಇದನ್ನೇ: ಮಾಪಕಗಳು ಕೆಟ್ಟು ನಿಂತಿವೆ, ಅದರಿಂದ ವಿಮೆ ತಪ್ಪಿದೆ ಅಥವಾ ಕಡಿಮೆಯಾಗಿದೆ. ಒಂದು ಮಾಪಕದ ಅಂಕಿ ಸಿಗದಿದ್ದಾಗ ಪಕ್ಕದ ಕೇಂದ್ರದ ಅಂಕಿ ಬಳಸೋಕೆ ಈ ಯೋಜನೆಯಲ್ಲಿ ಅವಕಾಶ ಇದೆ. ಬಯಲುಸೀಮೆಯಲ್ಲಿ ಅದು ಹೇಗೋ ನಡೆಯಬಹುದು. ಘಟ್ಟದ ಸೀಮೆಯಲ್ಲಿ ಒಂದು ಗುಡ್ಡ ದಾಟಿದ್ರೆ ಮಳೆಯ ಲೆಕ್ಕವೇ ಬೇರೆ.

ಮಾಪಕ ಸರಿ ಇಡಬೇಕಾದವರು ಒಬ್ಬರು, ಅದರ ಮೇಲೆ ವಿಮೆ ನಡೆಸೋರು ಇನ್ನೊಬ್ಬರು, ನಷ್ಟ ಅನುಭವಿಸೋರು ಮೂರನೆಯವರು. ಕೆಟ್ಟ ಯಂತ್ರದ ಬೆಲೆಯನ್ನ, ಅದನ್ನ ಮುಟ್ಟೋ ಹಕ್ಕೂ ಇಲ್ಲದ ರೈತ ಕಟ್ಟಬೇಕು. ಇದನ್ನ ತಾಂತ್ರಿಕ ದೋಷ ಅಂತ ಕರೆದು ಸುಮ್ಮನಾಗೋದು ತಪ್ಪು. ಹೊಣೆ ಯಾರದು ಅಂತ ಬರೆದಿಡದೇ ಇರೋದು ರಾಜಕೀಯ ತೀರ್ಮಾನ.

ಮೀಟರ್ ನಮ್ಮನೇಲಿ, ಕೀಲಿ ಯಾರತ್ರ?

ಹಳ್ಳಿಯ ಕಥೆ ಅಂತ ನಗರದವರು ಪಕ್ಕಕ್ಕಿಡಬೇಡಿ. ದೇಶದಲ್ಲಿ ಐಒಟಿಯ ಅತಿ ದೊಡ್ಡ ವ್ಯಾಪಾರ ಈಗ ನಿಮ್ಮ ಮನೆ ಗೋಡೆ ಮೇಲಿದೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಸುಮಾರು 3 ಲಕ್ಷ ಕೋಟಿ ರೂಪಾಯಿಯ ವಿದ್ಯುತ್ ವಿತರಣಾ ಯೋಜನೆಯ ಗುರಿಗಳಲ್ಲೊಂದು 25 ಕೋಟಿ ಪ್ರೀಪೇಯ್ಡ್ ಸ್ಮಾರ್ಟ್ ಮೀಟರ್. ಅದರಲ್ಲಿ ಕಂಪನಿಗಳು ಮೀಟರ್ ಮಾರಿ ಕೈತೊಳ್ಕೊಳ್ಳಲ್ಲ. ಹಾಕಿ, ನಡೆಸಿ, ವರ್ಷಗಟ್ಟಲೆ ಮೀಟರ್‌ಗಿಷ್ಟು ಅಂತ ಹಣ ಪಡೀತವೆ.

ಬೆಸ್ಕಾಂ 2025ರ ಫೆಬ್ರವರಿಯಿಂದ ಹೊಸ ಮತ್ತು ತಾತ್ಕಾಲಿಕ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು. ಸಿಂಗಲ್ ಫೇಸ್ ಮೀಟರ್ ಬೆಲೆ 5 ಸಾವಿರ ರೂಪಾಯಿ ಹತ್ತಿರ ಹೋಯ್ತು. ಬೆಲೆ ಮತ್ತು ಟೆಂಡರ್ ಬಗ್ಗೆ ವಿಧಾನಸಭೆಯ ಒಳಗೂ ಹೊರಗೂ ಜಗಳ ಆಯ್ತು, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಆದರೆ ನಮ್ಮ ಚರ್ಚೆ ಪೂರ್ತಿ ಬೆಲೆ ಮೇಲೇ ನಿಂತುಹೋಯ್ತು. ಸ್ಮಾರ್ಟ್ ಮೀಟರ್ ತಿಂಗಳಿಗೊಂದು ಅಂಕಿ ಕೊಡೋ ಯಂತ್ರ ಅಲ್ಲ. ಗಂಟೆಗಿಂತ ಕಡಿಮೆ ಅಂತರದಲ್ಲಿ ಬಳಕೆಯನ್ನ ದಾಖಲಿಸುತ್ತೆ. ನೀವು ಎಷ್ಟೊತ್ತಿಗೆ ಏಳ್ತೀರಿ, ಮನೆ ಯಾವಾಗ ಖಾಲಿ ಇರುತ್ತೆ ಅನ್ನೋದು ಆ ಅಂಕಿಗಳಲ್ಲಿ ಕಾಣುತ್ತೆ. ದೂರದಿಂದಲೇ ಸಂಪರ್ಕ ಕಡಿಯೋಕೂ ಆಗುತ್ತೆ. ಈ ಮಾಹಿತಿ ಯಾರಿಗೆ ಸೇರಿದ್ದು? ತಪ್ಪಾಗಿ ಕರೆಂಟ್ ಕಡಿದ್ರೆ ಯಾರನ್ನ ಕೇಳೋದು?

ಕಾನೂನು ಇಲ್ಲ ಅಂತಲ್ಲ. ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂತು. ನಿಯಮಗಳು ಹೊರಬಿದ್ದಿದ್ದು 2025ರ ನವೆಂಬರ್‌ನಲ್ಲಿ. ಅವೂ ಹಂತ ಹಂತವಾಗಿ ಜಾರಿಯಾಗಬೇಕು. ಜೊತೆಗೆ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡೋ ಅಧಿಕಾರ ಕಾಯ್ದೆಯಲ್ಲೇ ಇದೆ.

ಪೆಟ್ಟಿಗೆ ಯಾಕೆ ಸಾಯುತ್ತೆ?

ಇನ್ನು ಚಿಕ್ಕಪ್ಪನ ಸ್ಟಾರ್ಟರ್‌ಗೆ ಬರೋಣ. ಇದರೊಳಗೆ ಈ ವ್ಯಾಪಾರದ ಮೂರು ತೊಡಕುಗಳೂ ಇವೆ.

ಮೊದಲನೆಯದು ತಿಂಗಳ ಖರ್ಚು. 2024ರ ಜುಲೈನಲ್ಲಿ ಮೂರೂ ಖಾಸಗಿ ಟೆಲಿಕಾಂ ಕಂಪನಿಗಳು ದರ ಏರಿಸಿದವು. ಪೆಟ್ಟಿಗೆಯೊಳಗಿನ ಸಾಮಾನ್ಯ ಸಿಮ್ ಬದುಕಿಡೋಕೆ ತಿಂಗಳಿಗೆ 200 ರೂಪಾಯಿ ಅಂದ್ಕೊಳ್ಳಿ. ವರ್ಷಕ್ಕೆ 2,400, ಹತ್ತು ವರ್ಷಕ್ಕೆ 24,000. ಯಂತ್ರದ ಬೆಲೆಗಿಂತ ಅದರ ಬಾಯಿಗೆ ಹಾಕೋ ರೀಚಾರ್ಜೇ ಹೆಚ್ಚು. ಯಂತ್ರಗಳಿಗೇ ಅಂತ 13 ಅಂಕಿಯ ಬೇರೆ ಸಿಮ್ ವ್ಯವಸ್ಥೆ ಇದೆ. ಅದನ್ನ ಕಂಪನಿಗಳು ಸಗಟಾಗಿ ಕೊಳ್ಳುತ್ತವೆ, ಅಂಗಡಿಗೆ ಹೋದ ಒಬ್ಬ ರೈತರಿಗೆ ಸಿಗಲ್ಲ.

ಎರಡನೆಯದು ನೆಟ್‌ವರ್ಕ್. ಇಂಥ ಹಳೇ ಪೆಟ್ಟಿಗೆಗಳು ಹೆಚ್ಚಾಗಿ 2ಜಿ ನಂಬಿದವು. ಜಿಯೋ 2ಜಿ ಕೊಡೋದೇ ಇಲ್ಲ. ಉಳಿದವರು ಅದನ್ನ ಎಷ್ಟು ದಿನ ಇಟ್ಕೊಳ್ತಾರೋ ಅಷ್ಟೇ ಆಯಸ್ಸು.

ಮೂರನೆಯದು ಕಂಪನಿಯ ಮನಸ್ಸು. 2014ರಲ್ಲಿ ಗೂಗಲ್‌ನ ನೆಸ್ಟ್ ಅಮೆರಿಕದಲ್ಲಿ ರಿವಾಲ್ವ್ ಅನ್ನೋ ಪುಟ್ಟ ಕಂಪನಿಯನ್ನ ಕೊಂಡಿತು. 2016ರ ಮೇನಲ್ಲಿ ಅದರ ಸರ್ವರ್ ನಿಲ್ಲಿಸಿತು. ಜನ 300 ಡಾಲರ್ ಕೊಟ್ಟು ಕೊಂಡ ಸಾಧನ ಒಂದೇ ದಿನಕ್ಕೆ ಕೆಲಸಕ್ಕೆ ಬಾರದ್ದಾಯ್ತು. ಗೂಗಲ್‌ನಂಥ ಕಂಪನಿಯೇ ಹೀಗೆ ಮಾಡಿದ್ಮೇಲೆ, ಬಂಡವಾಳ ಮುಗಿದ ಸ್ಟಾರ್ಟಪ್‌ನಿಂದ ಏನು ನಿರೀಕ್ಷೆ ಮಾಡೋದು? ನಾನು ಕೆಲಸ ಮಾಡ್ತಿದ್ದಲ್ಲೂ ಪೈಲಟ್ ಯೋಜನೆ ಮುಗಿದು ಫೋಟೊ ತೆಗೆದಾದ ಮೇಲೆ ಹೊಲದಲ್ಲಿ ನೆಟ್ಟ ಸೆನ್ಸರ್‌ಗಳನ್ನ ಯಾರೂ ತಿರುಗಿ ನೋಡ್ತಿರಲಿಲ್ಲ. ಕೋತಿ ವೈರ್ ಕಿತ್ತಿದ್ದು, ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟಿದ್ದು ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಬರೀ "ಆಫ್‌ಲೈನ್" ಅಂತ ಕಾಣ್ತಿತ್ತು.

ಭದ್ರತೆ ಇನ್ನೊಂದು ತಲೆನೋವು. 2016ರ ಮಿರಾಯ್ ದಾಳಿಯಲ್ಲಿ, ಫ್ಯಾಕ್ಟರಿ ಪಾಸ್‌ವರ್ಡ್ ಬದಲಾಯಿಸದ ಕ್ಯಾಮೆರಾಗಳನ್ನೇ ಸೈನ್ಯ ಮಾಡ್ಕೊಂಡು ದೊಡ್ಡ ದೊಡ್ಡ ವೆಬ್‌ಸೈಟ್‌ಗಳನ್ನ ಮಲಗಿಸಿದ್ದರು. ಭಾರತ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದ್ದು 2025ರಲ್ಲಿ.

ಹಾಗಾದ್ರೆ ಏನು ಕೇಳಬೇಕು?

ಒಂದು, ಸರ್ಕಾರಿ ಟೆಂಡರ್‌ನಲ್ಲಿ ಯಂತ್ರದ ಜೊತೆಗೇ ನಿರ್ವಹಣೆಯ ಹಣ ಮತ್ತು ಹೊಣೆ ಇರಬೇಕು. ಯಾವ ಮಳೆಮಾಪಕ ಎಷ್ಟು ದಿನ ಕೆಲಸ ಮಾಡಿತು ಅನ್ನೋ ಪಟ್ಟಿ ಪ್ರತಿ ತಿಂಗಳು ಪಂಚಾಯ್ತಿ ಕಚೇರಿ ಗೋಡೆ ಮೇಲೆ ಬರಬೇಕು. ಮಾಪಕ ಕೆಟ್ಟ ದಿನಗಳ ಅನುಮಾನದ ಲಾಭ ವಿಮಾ ಕಂಪನಿಗೆ ಹೋಗದೆ ರೈತರಿಗೆ ಸಿಗಬೇಕು. ಆಗ ಮಾಪಕ ಸರಿ ಇಡೋದರಲ್ಲಿ ಕಂಪನಿಗೂ ಆಸಕ್ತಿ ಹುಟ್ಟುತ್ತೆ.

ಎರಡು, ರಿಪೇರಿಯ ಹಕ್ಕು. ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ಇದಕ್ಕಾಗಿ ಸಮಿತಿ ಮಾಡಿತು. ಪಟ್ಟಿಯಲ್ಲಿ ಕೃಷಿ ಉಪಕರಣಗಳೂ ಇವೆ. ಆದರೆ ಸಮಿತಿ, ಪೋರ್ಟಲ್‌ಗಳಿಂದ ಚಿಕ್ಕಪ್ಪನ ಪೆಟ್ಟಿಗೆ ತೆರೆಯಲ್ಲ. ಸೇವೆ ನಿಲ್ಲಿಸೋ ಕಂಪನಿ ತನ್ನ ಸಾಫ್ಟ್‌ವೇರ್‌ನ ಕೀಲಿಯನ್ನ ಕೊಂಡವರ ಕೈಗೆ ಕೊಟ್ಟು ಹೋಗಬೇಕು ಅನ್ನೋ ಕಾನೂನು ಬೇಕು.

ಮೂರು, ಸ್ಥಳೀಯ ಕೆಲಸ. ನಮ್ಮಲ್ಲಿ 865ರಿಂದ 867 ಮೆಗಾಹರ್ಟ್ಸ್ ತರಂಗಾಂತರ ಬಳಸೋಕೆ ಪರವಾನಗಿ ಬೇಕಿಲ್ಲ. ಲೋರಾ ಅನ್ನೋ ತಂತ್ರಜ್ಞಾನ ಅದರಲ್ಲೇ ನಡೆಯುತ್ತೆ. ಬಯಲಲ್ಲಿ ಕೆಲವು ಕಿಲೋಮೀಟರ್ ದೂರ ತಲುಪುತ್ತೆ, ಗುಡ್ಡ, ಮರಗಳ ನಡುವೆ ಅಷ್ಟಿಲ್ಲ. ಪ್ರತಿ ಪಂಪ್‌ಗೂ ಸಿಮ್ ಹಾಕೋ ಬದಲು ಸಹಕಾರ ಸಂಘವೊಂದು ಊರಿಗೊಂದು ಗೇಟ್‌ವೇ ಇಟ್ಟು, ಐಟಿಐ ಓದಿದ ಇಬ್ಬರಿಗೆ ನಿರ್ವಹಣೆ ಕೊಟ್ರೆ ಹೇಗೆ? ಹಾಲು ಸಂಘ ನಡೆಸೋ ಊರಿಗೆ ಇದು ಆಗದ ಕೆಲಸ ಏನಲ್ಲ. ಸ್ವಂತ ಉದ್ಯಮ ಮಾಡ್ಬೇಕು ಅಂತಿರೋ ಗೆಳೆಯ ಗೆಳತಿಯರಿಗೆ ನಾನು ಹೇಳೋದೂ ಇದೇ. ಹೊಸ ಸೆನ್ಸರ್ ಮಾಡೋರು ಬೇಕಾದಷ್ಟು ಜನ ಇದ್ದಾರೆ. ನೆಟ್ಟ ಸೆನ್ಸರ್ ಐದು ವರ್ಷ ಬದುಕಿಸೋರು ಇಲ್ಲ. ಅವಕಾಶ ಖಾಲಿ ಬಿದ್ದಿರೋದು ಅಲ್ಲೇ.

ಚಿಕ್ಕಪ್ಪ ಮನೆಯಂಗಳದಲ್ಲಿ ಒಂದು ಮಳೆ ಅಳೆಯೋ ಗಾಜಿನ ಅಳತೆ ಇಟ್ಕೊಂಡಿದ್ದಾರೆ. ದಿನಾ ಬೆಳಿಗ್ಗೆ ನೋಡಿ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೀತಾರೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಈ ಅಭ್ಯಾಸ ಇದೆ. ನಮ್ಮನೇಲಿ ಹಳೇ ಕ್ಯಾಲೆಂಡರ್‌ಗಳನ್ನ ಕಟ್ಟು ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದಾರೆ. ವಿಮೆಗೆ ಆ ಲೆಕ್ಕ ನಡೆಯಲ್ಲ. ನಡೀಬೇಕು ಅಂತಲೂ ನಾನು ಹೇಳಲ್ಲ, ಒಬ್ಬೊಬ್ಬರ ಲೆಕ್ಕದ ಮೇಲೆ ವಿಮೆ ನಡೆಸೋಕೆ ಆಗಲ್ಲ. ಆದರೆ ಯಂತ್ರ ಹೇಳಿದ್ದು ತಪ್ಪು ಅಂತ ಅನುಮಾನ ಬಂದಾಗ, ಆ ಕ್ಯಾಲೆಂಡರ್ ಹಿಡ್ಕೊಂಡು ಹೋಗಿ ಪ್ರಶ್ನೆ ಕೇಳೋಕೆ ಒಂದು ಬಾಗಿಲಾದ್ರೂ ಇರಬೇಕು. ಸದ್ಯಕ್ಕೆ ಚಿಕ್ಕಪ್ಪ ಬರೆಯೋದು ಬಿಟ್ಟಿಲ್ಲ.